ಕಾಪಾಡಲು ಕೊಟ್ಟ ಚುಚ್ಚುಮದ್ದೇ ಕೊಂದಾಗ: ಶಾರ್ಲ್ ರಿಶೆ ಮತ್ತು ಆಹಾರ ಅಲರ್ಜಿಯ ಹೊಸ ಚಿಕಿತ್ಸೆಗಳು

ಮಗುವಿಗೆ ಕಡಲೆಕಾಯಿ ಅಲರ್ಜಿ ಇದೆ ಎಂದು ಗೊತ್ತಾದ ಮನೆಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಮೊದಲ ಸಲ ತಿಂದಾಗ ಬಾಯಿಯ ಸುತ್ತ ನಾಲ್ಕು ದದ್ದು ಎದ್ದು ಇಳಿದುಹೋದವು. ಎರಡನೇ ಸಲ ಮಗು ಅದಕ್ಕಿಂತ ಕಡಿಮೆ ತಿಂದಿತ್ತು, ಆದರೂ ಉಸಿರು ಕಟ್ಟಿತು. ಹೆಚ್ಚು ತಿಂದಾಗ ಆಗದ್ದು ಕಡಿಮೆ ತಿಂದಾಗ ಹೇಗಾಯಿತು? ವಿಷವಾದರೆ ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚಬೇಕು. ದೇಹಕ್ಕೆ ಒಗ್ಗುವ ಪದಾರ್ಥವಾದರೆ ತಿನ್ನುತ್ತಾ ಹೋದಂತೆ ತೊಂದರೆ ಕಡಿಮೆಯಾಗಬೇಕು. ಇದು ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ.

ಈ ಒಗಟನ್ನು ಮೊದಲು ಸ್ಪಷ್ಟವಾಗಿ ಕಂಡು, ಅದಕ್ಕೊಂದು ಹೆಸರಿಟ್ಟವರು ಪ್ಯಾರಿಸ್‌ನ ಶರೀರಶಾಸ್ತ್ರಜ್ಞ ಶಾರ್ಲ್ ರಿಶೆ. ವರ್ಷ 1902. ಅವರು ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ. ಹುಡುಕುತ್ತಿದ್ದುದು ಅದಕ್ಕೆ ತೀರಾ ವಿರುದ್ಧವಾದದ್ದನ್ನು. ಇಂದು ಆಹಾರ ಅಲರ್ಜಿಗೆ ಬಂದಿರುವ ಹೊಸ ಚಿಕಿತ್ಸೆಗಳು ಏನು ಮಾಡುತ್ತವೆ, ಏನು ಮಾಡುವುದಿಲ್ಲ, ಅವನ್ನು ಮನೆಯಲ್ಲಿ ಯಾಕೆ ಪ್ರಯೋಗಿಸಬಾರದು ಎಂಬುದನ್ನು ತಿಳಿಯಲು ರಿಶೆಯವರ ಬದುಕು ಒಳ್ಳೆಯ ದಾರಿ.

ಸರ್ಜನ್ ಮನೆಯ ಮಗ

ರಿಶೆ ಹುಟ್ಟಿದ್ದು 1850ರ ಆಗಸ್ಟ್‌ನಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಆಲ್ಫ್ರೆಡ್ ರಿಶೆ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರು. ಮಗನೂ ಕತ್ತರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ದೇಹವನ್ನು ಕೊಯ್ಯುವುದಕ್ಕಿಂತ ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದೇ ಅವರಿಗೆ ಇಷ್ಟವಾಗಿತ್ತು.

ಅವರ ಮೊದಲ ದೊಡ್ಡ ಕೆಲಸ ಹೊಟ್ಟೆಗೆ ಸಂಬಂಧಿಸಿದ್ದು. ಸುಡುವ ಕ್ಷಾರದ ದ್ರವವನ್ನು ನುಂಗಿ ಅನ್ನನಾಳ ಮುಚ್ಚಿಹೋಗಿದ್ದ ಒಬ್ಬ ಯುವಕನಿಗೆ ಸರ್ಜನ್ ವೆರ್ನೈ ಅವರು ಹೊಟ್ಟೆಗೆ ನೇರವಾಗಿ ತೂತು ಮಾಡಿ ಆಹಾರ ಕೊಡುವ ವ್ಯವಸ್ಥೆ ಮಾಡಿದ್ದರು. ಆ ತೂತಿನ ಮೂಲಕ ಜಠರರಸವನ್ನು ತೆಗೆದು ಪರೀಕ್ಷಿಸುವ ಅವಕಾಶ ರಿಶೆಯವರಿಗೆ ಸಿಕ್ಕಿತು. 1878ರಲ್ಲಿ ವಿಜ್ಞಾನದ ಡಾಕ್ಟರೇಟ್ ಬಂತು, 1887ರಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕ ಹುದ್ದೆ. ನಾಯಿಗಳು ಬಿಸಿಲಲ್ಲಿ ನಾಲಿಗೆ ಚಾಚಿ ಏದುಸಿರು ಬಿಡುವುದು ಮೈ ತಣ್ಣಗಾಗಿಸಿಕೊಳ್ಳಲು ಎಂದು ಪ್ರಯೋಗ ಮಾಡಿ ತೋರಿಸಿದವರಲ್ಲಿ ಅವರೂ ಒಬ್ಬರು. ಇವೆಲ್ಲ ಗಟ್ಟಿಯಾದ, ಗದ್ದಲವಿಲ್ಲದ ಕೆಲಸಗಳು.

1888ರಲ್ಲಿ ಮಾಡಿದ ಪ್ರಯೋಗ ನಮಗೆ ಹೆಚ್ಚು ಮುಖ್ಯ. ಎರಿಕೂರ್ ಎಂಬ ಸಹೋದ್ಯೋಗಿಯ ಜೊತೆ ಅವರು ಒಂದು ಬಗೆಯ ಬ್ಯಾಕ್ಟೀರಿಯಾದ ಸೋಂಕಿನಿಂದ ಚೇತರಿಸಿಕೊಂಡ ನಾಯಿಯ ರಕ್ತವನ್ನು ಮೊಲಗಳಿಗೆ ಕೊಟ್ಟರು. ಅದೇ ಬ್ಯಾಕ್ಟೀರಿಯಾ ಆ ಮೊಲಗಳನ್ನು ಕೊಲ್ಲಲಿಲ್ಲ. ಒಂದು ಪ್ರಾಣಿ ಗಳಿಸಿಕೊಂಡ ರಕ್ಷಣೆಯನ್ನು ರಕ್ತದ ಮೂಲಕ ಇನ್ನೊಂದಕ್ಕೆ ದಾಟಿಸಬಹುದು ಎಂದಾಯಿತು. ಇದೇ ದಾರಿಯಲ್ಲಿ 1890ರ ಡಿಸೆಂಬರ್ 6ರಂದು ರಿಶೆ ಮನುಷ್ಯನಿಗೆ ಸೀರಂ ಚುಚ್ಚುಮದ್ದು ಕೊಟ್ಟರು. ಕಾಯಿಲೆ ಕ್ಷಯ. ದುರದೃಷ್ಟವೆಂದರೆ ಕ್ಷಯಕ್ಕೆ ಆ ಉಪಾಯ ನಾಟುವುದಿಲ್ಲ. ಅದೇ ವಾರ ಜರ್ಮನಿಯಲ್ಲಿ ಬೆರಿಂಗ್ ಮತ್ತು ಕಿತಾಸಾತೊ ಡಿಫ್ತೀರಿಯಾ, ಧನುರ್ವಾಯುಗಳ ವಿಷಯದಲ್ಲಿ ಅದೇ ತತ್ವವನ್ನು ಪ್ರಕಟಿಸಿದರು. ಅಲ್ಲಿ ಅದು ಅದ್ಭುತವಾಗಿ ಕೆಲಸ ಮಾಡಿತು. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬೆರಿಂಗ್ ಅವರಿಗೆ ಹೋಯಿತು. ತತ್ವ ಸರಿಯಿದ್ದೂ ರೋಗದ ಆಯ್ಕೆ ತಪ್ಪಿದ್ದರಿಂದ ರಿಶೆ ಹಿಂದೆ ಉಳಿದರು.

ಹಡಗು, ಕಡಲಜೀವಿ, ನೆಪ್ಚೂನ್

1901ರ ಬೇಸಿಗೆಯಲ್ಲಿ ಮೊನಾಕೊದ ರಾಜಕುಮಾರ ಒಂದನೇ ಆಲ್ಬರ್ಟ್ ತಮ್ಮ ಸಂಶೋಧನಾ ಹಡಗು ‘ಪ್ರಿನ್ಸೆಸ್ ಆಲಿಸ್’ಗೆ ರಿಶೆಯವರನ್ನೂ ಕಿರಿಯ ಶರೀರಶಾಸ್ತ್ರಜ್ಞ ಪಾಲ್ ಪೋರ್ತಿಯೆ ಅವರನ್ನೂ ಕರೆದರು. ಸಮುದ್ರವೆಂದರೆ ರಾಜಕುಮಾರರಿಗೆ ಹುಚ್ಚು. ಅಟ್ಲಾಂಟಿಕ್‌ನಲ್ಲಿ ತೇಲುವ ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎಂಬ ಜೀವಿಯ ವಿಷವನ್ನು ಪರೀಕ್ಷಿಸಿ ನೋಡಿ ಎಂದು ಅವರೇ ಸೂಚಿಸಿದರು. ಮುಂಬೈಯಲ್ಲಿರುವ ಓದುಗರಿಗೆ ಇದರ ಬಳಗ ಗೊತ್ತಿರಬಹುದು. ಮಳೆಗಾಲದಲ್ಲಿ ಜುಹು ತೀರಕ್ಕೆ ಬಂದು ಬೀಳುವ, ಮುಟ್ಟಿದರೆ ಬೆಂಕಿ ತಗುಲಿದಂತೆ ಉರಿಯುವ ನೀಲಿ ಬಣ್ಣದ ‘ಬ್ಲೂಬಾಟಲ್’ ಇದೇ ಕುಲದ್ದು.

ಹಡಗಿನಲ್ಲೇ ಆ ಜೀವಿಯ ಎಳೆಗಳಿಂದ ವಿಷ ತೆಗೆದು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಯಿತು. ಪ್ಯಾರಿಸ್‌ಗೆ ಮರಳಿದ ಮೇಲೆ ಅದು ಸಿಗುವುದು ಕಷ್ಟವಾದ್ದರಿಂದ, ಸುಲಭವಾಗಿ ಸಿಗುವ ಸೀ ಅನಿಮೋನ್ ಎಂಬ ಕಡಲಜೀವಿಯ ಎಳೆಗಳನ್ನು ಬಳಸತೊಡಗಿದರು. ಉದ್ದೇಶ ಎರಡು: ಎಷ್ಟು ವಿಷ ಕೊಂದೀತು ಎಂದು ತಿಳಿಯುವುದು, ಸ್ವಲ್ಪ ಸ್ವಲ್ಪ ಕೊಟ್ಟು ನಾಯಿಗಳಿಗೆ ಅದರ ವಿರುದ್ಧ ರಕ್ಷಣೆ ಬರಿಸಲು ಆದೀತೇ ಎಂದು ನೋಡುವುದು. ಲಸಿಕೆಯ ಯುಗ ಅದು. ಪಾಸ್ಚರ್ ತೀರಿಕೊಂಡು ಆರು ವರ್ಷ ಆಗಿತ್ತಷ್ಟೆ. ಅಲ್ಪ ಪ್ರಮಾಣದಲ್ಲಿ ಕೊಟ್ಟದ್ದು ಮುಂದೆ ಕಾಪಾಡುತ್ತದೆ ಎಂಬುದನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ಪ್ರಯೋಗದ ನಾಯಿಗಳಲ್ಲಿ ಒಂದರ ಹೆಸರು ನೆಪ್ಚೂನ್. ದೊಡ್ಡ ದೇಹದ, ಒಳ್ಳೆಯ ಆರೋಗ್ಯದ ನಾಯಿ. ಅದಕ್ಕೆ ಕೊಲ್ಲದಷ್ಟು ಸಣ್ಣ ಪ್ರಮಾಣದ ವಿಷ ಕೊಟ್ಟರು. ಏನೂ ಆಗಲಿಲ್ಲ. ಮೂರು ವಾರಕ್ಕೂ ಹೆಚ್ಚು ಕಾಲ ಬಿಟ್ಟು, ನಾಯಿ ಚೆನ್ನಾಗಿ ಓಡಾಡಿಕೊಂಡಿದ್ದಾಗ, ಮತ್ತೆ ಅಲ್ಪ ಪ್ರಮಾಣವನ್ನೇ ಕೊಟ್ಟರು. ಕೆಲವೇ ಸೆಕೆಂಡುಗಳಲ್ಲಿ ಅದು ಏದುಸಿರು ಬಿಡತೊಡಗಿತು, ನಿಲ್ಲಲಾರದೆ ಒರಗಿತು, ಭೇದಿಯಾಯಿತು, ರಕ್ತ ಕಾರಿತು. ಇಪ್ಪತ್ತೈದು ನಿಮಿಷದಲ್ಲಿ ಸತ್ತುಹೋಯಿತು.

ಇಂಥದ್ದು ಅವರ ಕಣ್ಣಿಗೆ ಬಿದ್ದದ್ದು ಇದೇ ಮೊದಲಲ್ಲ. 1898ರಲ್ಲಿ ಹಾವುಮೀನಿನ ಸೀರಂ ಕೊಟ್ಟ ನಾಯಿಗಳೂ ಎರಡನೇ ಸಲ ಹೆಚ್ಚು ನರಳಿದ್ದವು. ಆಗ ಅದನ್ನು ಬೆನ್ನಟ್ಟಿರಲಿಲ್ಲ. ಈ ಸಲ ಬಿಡಲಿಲ್ಲ. ಬೇರೆ ನಾಯಿಗಳ ಮೇಲೆ ಮಾಡಿದಾಗಲೂ ಅದೇ ಆಯಿತು. 1902ರ ಫೆಬ್ರವರಿ 15ರಂದು ರಿಶೆ ಮತ್ತು ಪೋರ್ತಿಯೆ ಪ್ಯಾರಿಸ್‌ನ ಜೀವವಿಜ್ಞಾನ ಸಂಘದ ಮುಂದೆ ಇದನ್ನು ಮಂಡಿಸಿದರು. ಗ್ರೀಕ್‌ನಲ್ಲಿ ‘ಫಿಲಾಕ್ಸಿಸ್’ ಎಂದರೆ ಕಾಪಾಡುವುದು. ಅದಕ್ಕೆ ವಿರುದ್ಧವಾದದ್ದು ಎಂಬ ಅರ್ಥದಲ್ಲಿ ‘ಅನಾಫಿಲಾಕ್ಸಿಸ್’ ಎಂಬ ಹೊಸ ಪದ ಕಟ್ಟಿದರು. ಇಂದು ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರು ಬಳಸುವ ಪದ ಇದೇ.

ಅವರು ಗುರುತಿಸಿದ ಅಂಶಗಳು ಇಂದಿಗೂ ಹಾಗೇ ನಿಂತಿವೆ. ಮೊದಲ ಭೇಟಿಯಲ್ಲಿ ದೇಹ ತಯಾರಾಗುತ್ತದೆ, ಅದಕ್ಕೆ ಕೆಲವು ವಾರ ಬೇಕು. ಆಮೇಲೆ ಅತ್ಯಲ್ಪ ಪ್ರಮಾಣ ಸಾಕು. ಬದಲಾಗಿರುವುದು ಪದಾರ್ಥವಲ್ಲ, ದೇಹ. ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಮಗು ಎಷ್ಟು ತಿಂದಿತು ಎಂಬುದೊಂದೇ ಲೆಕ್ಕವಲ್ಲ, ಅದರ ದೇಹ ಆ ಹೊತ್ತಿಗೆ ಏನನ್ನು ಕಲಿತಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಿಂದಿನ ಸಲ ಬರೀ ದದ್ದು ಬಂದಿತ್ತು, ಆದ್ದರಿಂದ ಈ ಸಲವೂ ಅಷ್ಟೇ ಎಂದು ಧೈರ್ಯ ತಂದುಕೊಳ್ಳುವುದು ಅಪಾಯಕಾರಿ ಎನ್ನುವುದು ಇದಕ್ಕೇ.

ರಕ್ತದಲ್ಲಿ ಏನಿತ್ತು

1907ರಲ್ಲಿ ರಿಶೆ ತಮ್ಮ ಹಳೆಯ ಉಪಾಯಕ್ಕೇ ಮರಳಿದರು. ಅನಾಫಿಲಾಕ್ಸಿಸ್‌ಗೆ ತಯಾರಾಗಿದ್ದ ನಾಯಿಯ ಸೀರಂ ತೆಗೆದು ಆರೋಗ್ಯವಂತ ನಾಯಿಗೆ ಕೊಟ್ಟರು. ವಿಷವನ್ನು ಎಂದೂ ಕಾಣದ ಆ ನಾಯಿಯೂ ಮೊದಲ ಭೇಟಿಯಲ್ಲೇ ಕುಸಿಯಿತು. ರಕ್ಷಣೆಯಂತೆ ಅಪಾಯವನ್ನೂ ರಕ್ತದಲ್ಲಿ ದಾಟಿಸಬಹುದು ಎಂದಾಯಿತು. ಹಾಗಾದರೆ ರಕ್ತದಲ್ಲಿ ಏನೋ ಇದೆ. ಏನು?

ಅದು ತಿಳಿಯಲು ಇನ್ನೂ ಅರುವತ್ತು ವರ್ಷ ಬೇಕಾಯಿತು. 1921ರಲ್ಲಿ ಬ್ರೆಸ್ಲಾವ್ ನಗರದಲ್ಲಿ ಕಾರ್ಲ್ ಪ್ರಾಸ್ನಿಟ್ಸ್ ಎಂಬ ವೈದ್ಯರು, ಮೀನು ತಿಂದರೆ ಆಗದ ತಮ್ಮ ಸಹೋದ್ಯೋಗಿ ಕ್ಯೂಸ್ಟ್ನರ್ ಅವರ ಸೀರಂ ಅನ್ನು ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡರು. ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸತ್ವ ಹಾಕಿದಾಗ ಅಲ್ಲಿ ದದ್ದು ಎದ್ದಿತು. ಆಹಾರ ಅಲರ್ಜಿಯೂ ಇದೇ ಜಾತಿಯದು ಎಂಬುದಕ್ಕೆ ಅದು ಸಾಕ್ಷಿ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್‌ನಲ್ಲಿ ಯೋಹಾನ್ಸನ್ ಮತ್ತು ಬೆನಿಕ್ ಆ ವಸ್ತುವನ್ನು ಬೇರ್ಪಡಿಸಿದರು. ಐಜಿಇ ಎಂಬ ಪ್ರತಿಕಾಯ ಅದು. ಈ ಪ್ರತಿಕಾಯಗಳು ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾಯುತ್ತವೆ. ಆ ಆಹಾರದ ಪ್ರೋಟೀನ್ ಮತ್ತೆ ಬಂದು ತಾಕಿದ ಕೂಡಲೇ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಚೆಲ್ಲುತ್ತವೆ. ದದ್ದು, ವಾಂತಿ, ಉಬ್ಬಸ, ರಕ್ತದೊತ್ತಡ ಕುಸಿತ ಎಲ್ಲವೂ ಅದರಿಂದಲೇ.

ಈಗಿನ ಹೊಸ ಔಷಧಗಳಲ್ಲೊಂದು ಇಲ್ಲಿಗೇ ಕೈ ಹಾಕುತ್ತದೆ. ಓಮಲಿಜುಮಾಬ್ ಎಂಬುದು ಐಜಿಇಯನ್ನೇ ಹಿಡಿದು ಕಟ್ಟಿಹಾಕುವ, ಕಾರ್ಖಾನೆಯಲ್ಲಿ ತಯಾರಿಸಿದ ಪ್ರತಿಕಾಯ. ಹೊರಗೆ ತಯಾರಾದ ಪ್ರತಿಕಾಯವನ್ನು ದೇಹಕ್ಕೆ ಕೊಟ್ಟು ಕಾಪಾಡುವುದು 1888ರ ರಿಶೆಯವರ ಆಲೋಚನೆಯೇ. ಅವರೇ ಕಂಡುಹಿಡಿದ ಕಾಯಿಲೆಯ ಮೇಲೆ ಅದು ಪ್ರಯೋಗವಾಗುವ ಹೊತ್ತಿಗೆ ಒಂದು ಶತಮಾನ ದಾಟಿತ್ತು. ಆಸ್ತಮಾಕ್ಕೆ, ದೀರ್ಘಕಾಲದ ದದ್ದಿಗೆ ಈ ಔಷಧ ಭಾರತದಲ್ಲೂ ಬಳಕೆಯಲ್ಲಿದೆ. ಆಹಾರ ಅಲರ್ಜಿಗೆ ಅಮೆರಿಕದ ಔಷಧ ನಿಯಂತ್ರಕರು 2024ರ ಫೆಬ್ರವರಿಯಲ್ಲಿ, ಒಂದು ವರ್ಷ ಮೇಲ್ಪಟ್ಟವರಿಗೆ ಒಪ್ಪಿಗೆ ಕೊಟ್ಟರು. ಅದಕ್ಕೆ ಆಧಾರವಾದ ಪ್ರಯೋಗದಲ್ಲಿ ಸುಮಾರು ನಾಲ್ಕು ತಿಂಗಳು ಚುಚ್ಚುಮದ್ದು ಪಡೆದ ಮಕ್ಕಳಲ್ಲಿ ಶೇ 67ರಷ್ಟು ಮಂದಿ 600 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನ್ ಅನ್ನು, ಅಂದರೆ ಸುಮಾರು ಎರಡು ಬೀಜದಷ್ಟನ್ನು, ತೊಂದರೆಯಿಲ್ಲದೆ ತಿಂದರು. ಸುಳ್ಳು ಔಷಧ ಪಡೆದವರಲ್ಲಿ ಶೇ 7 ಮಾತ್ರ.

ಎರಡು ಬೀಜ ಯಾವ ಲೆಕ್ಕ ಎನಿಸಬಹುದು. ಹೋಟೆಲಿನ ಚಟ್ನಿಯಲ್ಲೋ ಸಾಬುದಾಣಿ ಖಿಚಡಿಯಲ್ಲೋ ಗೊತ್ತಾಗದೆ ಬೆರೆತ ಚೂರು ಮಗುವನ್ನು ಆಸ್ಪತ್ರೆಗೆ ಸೇರಿಸುವ ಮನೆಯವರಿಗೆ ಅದು ದೊಡ್ಡ ಲೆಕ್ಕ. ಆದರೆ ಮಿತಿಗಳನ್ನೂ ಹೇಳಬೇಕು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಚುಚ್ಚುಮದ್ದು ನಡೆಯುತ್ತಲೇ ಇರಬೇಕು. ನಿಲ್ಲಿಸಿದರೆ ರಕ್ಷಣೆಯೂ ನಿಲ್ಲುತ್ತದೆ. ಅದೇ ಪ್ರಯೋಗದಲ್ಲಿ ಔಷಧ ಪಡೆದ ನೂರರಲ್ಲಿ ಹದಿನಾಲ್ಕು ಮಂದಿಗೆ 30 ಮಿಲಿಗ್ರಾಂ ಕೂಡ ತಡೆಯಲಿಲ್ಲ. ಆಗದ ಆಹಾರವನ್ನು ದೂರವಿಡುವುದು ತಪ್ಪುವುದಿಲ್ಲ. ಅಲರ್ಜಿ ಈಗಾಗಲೇ ಶುರುವಾದಾಗ ಇದು ಉಪಯೋಗಕ್ಕೆ ಬರುವ ಔಷಧವೂ ಅಲ್ಲ.

ತಿರುಗಿ ಹಳೆಯ ಆಸೆ: ಸ್ವಲ್ಪ ಸ್ವಲ್ಪವಾಗಿ

ರಿಶೆಯವರ ಶೋಧ ಹೊರಬಿದ್ದ ಕೆಲವೇ ವರ್ಷಗಳಲ್ಲಿ ಅದೇ ಊರಿನ ಪಾಸ್ಚರ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಬೆಸ್ರೆಡ್ಕಾ ಇನ್ನೊಂದು ಸಂಗತಿ ಕಂಡರು. ಅನಾಫಿಲಾಕ್ಸಿಸ್‌ಗೆ ತಯಾರಾದ ಗಿನಿಪಿಗ್‌ಗೆ ಒಮ್ಮೆಲೇ ಕೊಟ್ಟರೆ ಸಾಯುತ್ತದೆ, ಆದರೆ ಅದೇ ಪದಾರ್ಥವನ್ನು ಅತಿ ಸಣ್ಣ ಪ್ರಮಾಣಗಳಿಂದ ಶುರುಮಾಡಿ ಏರಿಸುತ್ತಾ ಹೋದರೆ ಬದುಕುತ್ತದೆ. 1908ರಲ್ಲಿ ಇಂಗ್ಲೆಂಡಿನ ವೈದ್ಯ ಸ್ಕೋಫೀಲ್ಡ್, ಮೊಟ್ಟೆ ತಿಂದರೆ ಪ್ರಾಣಕ್ಕೆ ಬರುತ್ತಿದ್ದ ಹದಿಮೂರು ವರ್ಷದ ಹುಡುಗನಿಗೆ ಒಂದು ಮೊಟ್ಟೆಯ ಹತ್ತು ಸಾವಿರದ ಒಂದು ಭಾಗವನ್ನು ಮಾತ್ರೆಯಲ್ಲಿಟ್ಟು ದಿನವೂ ಕೊಡಲು ಶುರುಮಾಡಿದರು. ಸುಮಾರು ಎಂಟು ತಿಂಗಳಲ್ಲಿ ಆ ಹುಡುಗ ಮೊಟ್ಟೆ ತಿನ್ನುವಂತಾದ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಅದು ಅಚ್ಚಾಯಿತು, ಆಮೇಲೆ ಬಹುಕಾಲ ಯಾರೂ ಅದನ್ನು ಗಂಭೀರವಾಗಿ ಮುಂದುವರಿಸಲಿಲ್ಲ.

ಇಂದು ‘ಓರಲ್ ಇಮ್ಯುನೊಥೆರಪಿ’ ಎಂದು ಕರೆಯುವುದು ಇದನ್ನೇ, ಅಳತೆ ಮತ್ತು ಎಚ್ಚರಿಕೆ ಮಾತ್ರ ಹೊಸದು. 2020ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ‘ಪಾಲ್ಫೋರ್ಜಿಯಾ’ ಎಂಬುದು ಪ್ರೋಟೀನ್ ಅಳೆದು ತುಂಬಿದ ಕಡಲೆಕಾಯಿ ಪುಡಿ. ಅರ್ಧ ಮಿಲಿಗ್ರಾಂನಿಂದ ಆರಂಭ. ಪ್ರಮಾಣ ಹೆಚ್ಚಿಸುವ ಪ್ರತಿ ಹೆಜ್ಜೆಯೂ ಆಸ್ಪತ್ರೆಯಲ್ಲೇ, ನಡುವಿನ ದಿನಗಳಲ್ಲಿ ಮನೆಯಲ್ಲಿ ಅದೇ ಪ್ರಮಾಣ. ಸುಮಾರು ಆರು ತಿಂಗಳಲ್ಲಿ 300 ಮಿಲಿಗ್ರಾಂ ಮುಟ್ಟುತ್ತಾರೆ, ಅಂದರೆ ಸರಿಸುಮಾರು ಒಂದು ಬೀಜ. ಅದಾದ ಮೇಲೆ ದಿನವೂ ಅಷ್ಟನ್ನೇ ತಿನ್ನುತ್ತಿರಬೇಕು. 4ರಿಂದ 17 ವರ್ಷದವರ ಮೇಲಿನ ಪ್ರಯೋಗದಲ್ಲಿ ಶೇ 67 ಮಂದಿ 600 ಮಿಲಿಗ್ರಾಂ ತಡೆದುಕೊಂಡರು, ಸುಳ್ಳು ಪುಡಿ ತಿಂದವರಲ್ಲಿ ಶೇ 4.

ಇಲ್ಲಿ ನೆಪ್ಚೂನ್ ನೆನಪಾಗಬೇಕು. ತಯಾರಾದ ದೇಹಕ್ಕೆ ಅದೇ ಪದಾರ್ಥವನ್ನು ಮತ್ತೆ ಮತ್ತೆ ಕೊಡುವುದೆಂದರೆ ರಿಶೆ ಮಾಡಿದ್ದನ್ನೇ ತೀರಾ ಸಣ್ಣ ಹೆಜ್ಜೆಗಳಲ್ಲಿ ಮಾಡುವುದು. ಹೆಜ್ಜೆ ತಪ್ಪಿದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ವಿಶ್ಲೇಷಣೆಯೊಂದು ಹನ್ನೆರಡು ಪ್ರಯೋಗಗಳ ಸಾವಿರಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ನೋಡಿತು. ಈ ಚಿಕಿತ್ಸೆ ಪಡೆದವರಲ್ಲಿ ಶೇ 22 ಮಂದಿಗೆ ಅನಾಫಿಲಾಕ್ಸಿಸ್ ಆಗಿತ್ತು, ಪಡೆಯದವರಲ್ಲಿ ಶೇ 7. ಅಂದರೆ ತಿನ್ನಬಹುದಾದ ಪ್ರಮಾಣ ಏರಿದರೂ ಚಿಕಿತ್ಸೆಯ ಅವಧಿಯಲ್ಲಿ ತೊಂದರೆ ಹೆಚ್ಚೇ. ಜ್ವರ ಬಂದಾಗ, ಖಾಲಿ ಹೊಟ್ಟೆಯಲ್ಲಿ, ತಿಂದ ಕೂಡಲೇ ಓಡಿಯಾಡಿದಾಗ, ಬಿಸಿನೀರ ಸ್ನಾನ ಮಾಡಿದಾಗ ನಿನ್ನೆ ಒಗ್ಗಿದ್ದ ಪ್ರಮಾಣವೇ ಇಂದು ಆಗದೆ ಹೋಗಬಹುದು. ಅನ್ನನಾಳದ ಉರಿಯೂತ ಬಂದು ಕೆಲವರು ಚಿಕಿತ್ಸೆಯನ್ನೇ ಬಿಡಬೇಕಾಗುತ್ತದೆ.

ಇಂಟರ್‌ನೆಟ್‌ನಲ್ಲಿ ಓದಿ, ಅಡುಗೆಮನೆಯಲ್ಲೇ ಚೂರು ಚೂರು ಶೇಂಗಾ ಪುಡಿ ಕೊಟ್ಟು ಮಗುವಿಗೆ ಅಭ್ಯಾಸ ಮಾಡಿಸುತ್ತೇನೆ ಎನ್ನುವ ತಂದೆತಾಯಿಯರಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಚಿಟಿಕೆಯ ಅಳತೆಯಲ್ಲಿ ಮಿಲಿಗ್ರಾಂ ಲೆಕ್ಕ ಸಿಗುವುದಿಲ್ಲ, ಪಕ್ಕದಲ್ಲಿ ಅಡ್ರಿನಲಿನ್ ಇರುವುದಿಲ್ಲ. ದಯವಿಟ್ಟು ಬೇಡ.

ಬಾಯಿಯ ದಾರಿ, ಚರ್ಮದ ದಾರಿ

1911ರಲ್ಲಿ ರಿಶೆ ಕ್ರೆಪಿಟಿನ್ ಎಂಬ ಸಸ್ಯವಿಷವನ್ನು ನಾಯಿಗಳಿಗೆ ಚುಚ್ಚದೆ ತಿನ್ನಿಸಿ ನೋಡಿದರು. ಬಾಯಿಯ ಮೂಲಕ ಹೋದದ್ದೂ ದೇಹವನ್ನು ಅನಾಫಿಲಾಕ್ಸಿಸ್‌ಗೆ ತಯಾರು ಮಾಡಬಲ್ಲದು ಎಂದು ಪ್ರಕಟಿಸಿದರು. ಆಹಾರದಿಂದ ಬರುವ ಅನಾಫಿಲಾಕ್ಸಿಸ್ ಹೀಗೆ ಅವರ ಬರಹಕ್ಕೆ ಬಂತು. ಎರಡು ವರ್ಷಗಳ ನಂತರ, 1913ರಲ್ಲಿ, ನೊಬೆಲ್ ಬಹುಮಾನವೂ ಬಂತು. ಬಹುಮಾನ ಅವರೊಬ್ಬರಿಗೇ, ಪೋರ್ತಿಯೆ ಅವರಿಗೆ ಪಾಲಿಲ್ಲ. ಇದು ನ್ಯಾಯವಲ್ಲ ಎಂದು ನನಗನಿಸುತ್ತದೆ. 1902ರ ಆ ವರದಿಯಲ್ಲಿ ಇಬ್ಬರ ಹೆಸರೂ ಇದೆ.

ಯಾವ ದಾರಿಯಲ್ಲಿ ಆಹಾರ ದೇಹಕ್ಕೆ ಮೊದಲು ಪರಿಚಯವಾಗುತ್ತದೆ ಎಂಬ ಪ್ರಶ್ನೆ ನೂರು ವರ್ಷದ ನಂತರ ಮತ್ತೆ ಮುಖ್ಯವಾಯಿತು, ಆದರೆ ಉತ್ತರ ಬೇರೆ ಬಂತು. ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿದೆ ಎಂದು 2008ರಲ್ಲಿ ಗೊತ್ತಾಯಿತು. ಇಸ್ರೇಲಿನಲ್ಲಿ ಮಕ್ಕಳು ಹಲ್ಲು ಬರುವ ಮೊದಲೇ ಕಡಲೆಕಾಯಿಯ ತಿಂಡಿ ತಿನ್ನುತ್ತಿದ್ದರು. ಬ್ರಿಟನ್ನಿನಲ್ಲಿ ಅಲರ್ಜಿಯ ಹೆದರಿಕೆಗೆ ಅದನ್ನು ದೂರವಿಡುತ್ತಿದ್ದರು. ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡ, ತೀವ್ರ ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಹಸುಗೂಸುಗಳನ್ನು ಎರಡು ಗುಂಪು ಮಾಡಿ ಐದು ವರ್ಷದವರೆಗೆ ನೋಡಿತು. 2015ರಲ್ಲಿ ಫಲಿತಾಂಶ ಬಂತು. ಕಡಲೆಕಾಯಿ ದೂರವಿಟ್ಟ ಗುಂಪಿನಲ್ಲಿ ಶೇ 17.2 ಮಕ್ಕಳಿಗೆ ಅಲರ್ಜಿ, ನಿಯಮಿತವಾಗಿ ತಿಂದ ಗುಂಪಿನಲ್ಲಿ ಶೇ 3.2. ಬಿರುಕುಬಿಟ್ಟ ಚರ್ಮದ ಮೂಲಕ ಪರಿಚಯವಾದ ಆಹಾರ ಶತ್ರುವಾಗುತ್ತದೆ, ಎಳೆಯ ವಯಸ್ಸಿನಲ್ಲಿ ಬಾಯಿಯ ಮೂಲಕ ಬಂದದ್ದು ಸ್ನೇಹಿತನಾಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಆದ್ದರಿಂದ ಘನ ಆಹಾರ ಶುರುಮಾಡುವ ವಯಸ್ಸಿನಲ್ಲಿ ಕಡಲೆಕಾಯಿ, ಮೊಟ್ಟೆಗಳನ್ನು ಸುಮ್ಮನೆ ತಡಮಾಡಬೇಡಿ ಎನ್ನುತ್ತಾರೆ. ಇಡೀ ಬೀಜವಲ್ಲ, ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ತೆಳ್ಳಗೆ ಮಾಡಿದ್ದು. ಮಗುವಿಗೆ ತೀವ್ರ ಎಕ್ಸಿಮಾ ಇದ್ದರೆ ಅಥವಾ ಒಮ್ಮೆ ತೊಂದರೆ ಆಗಿದ್ದರೆ ಮೊದಲು ವೈದ್ಯರನ್ನು ಕೇಳಿ.

ವಯಸ್ಸು ಇನ್ನೊಂದು ರೀತಿಯಲ್ಲೂ ಕೆಲಸ ಮಾಡುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಓರಲ್ ಇಮ್ಯುನೊಥೆರಪಿ ಕೊಟ್ಟ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಚಿಕಿತ್ಸೆಯನ್ನು ಆರು ತಿಂಗಳು ನಿಲ್ಲಿಸಿದ ಮೇಲೂ ಶೇ 21 ಮಕ್ಕಳಲ್ಲಿ ಅಲರ್ಜಿ ಮರಳಿರಲಿಲ್ಲ. ಎಳೆಯ ದೇಹ ಕಲಿತದ್ದನ್ನು ಮರೆಯಬಲ್ಲದು. ಆದರೆ ಉಳಿದ ಹೆಚ್ಚಿನವರು ಮರೆತಿರಲಿಲ್ಲ ಎಂಬುದನ್ನೂ ನೋಡಬೇಕು. ಬೆನ್ನಿಗೆ ಅಂಟಿಸುವ ಪಟ್ಟಿಯ ಮೂಲಕ ಒಂದು ಮಿಲಿಗ್ರಾಂನ ಕಾಲು ಭಾಗ ಕಡಲೆಕಾಯಿ ಪ್ರೋಟೀನ್ ಅನ್ನು ಚರ್ಮಕ್ಕೆ ತಾಕಿಸುವ ಪ್ರಯೋಗವೂ ನಡೆದಿದೆ. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಒಂದು ವರ್ಷದ ನಂತರ ಶೇ 67ರಷ್ಟು ಮಂದಿಗೆ ಉಪಯೋಗ ಕಂಡಿತು, ಸುಳ್ಳು ಪಟ್ಟಿ ಹಾಕಿದವರಲ್ಲಿ ಶೇ 33.5. ಏರಿಕೆ ನಿಧಾನ, ಅಪಾಯ ಬಾಯಿಯ ದಾರಿಗಿಂತ ಕಡಿಮೆ.

ಪುರಾವೆ ಇದ್ದಾಗ, ಇಲ್ಲದಾಗ

ಬದುಕಿನ ಉಳಿದ ಭಾಗವನ್ನು ಹೇಳದೆ ಬಿಟ್ಟರೆ ರಿಶೆ ಬರೀ ಮಹಾಪುರುಷರಾಗಿಬಿಡುತ್ತಾರೆ. ಅವರು ಹಾಗಿರಲಿಲ್ಲ. ಗುಪ್ತನಾಮದಲ್ಲಿ ಕಾದಂಬರಿ, ನಾಟಕ ಬರೆದರು. ಯುದ್ಧ ಬೇಡವೆಂದು ದಶಕಗಟ್ಟಲೆ ಪ್ರಚಾರ ಮಾಡಿದರು. ಲೂಯಿ ಬ್ರೆಗೆ ಅವರು 1907ರಲ್ಲಿ ಮಾಡಿದ, ಹೆಲಿಕಾಪ್ಟರ್‌ನ ಪೂರ್ವಜ ಎನ್ನಬಹುದಾದ ಯಂತ್ರದಲ್ಲಿ ಅವರ ಕೈಯೂ ಇತ್ತು. ಹಸಿ ಮಾಂಸ ಮತ್ತು ಅದರ ರಸದಿಂದ ಕ್ಷಯ ವಾಸಿಯಾಗುತ್ತದೆ ಎಂದು ಬಲವಾಗಿ ನಂಬಿದ್ದರು, ಆಗಲಿಲ್ಲ. ಪ್ರೇತಗಳನ್ನು ಕರೆಸುವವರ ಕೂಟಗಳಿಗೆ ಹೋಗಿ ಅಳತೆಪಟ್ಟಿ ಹಿಡಿದು ಕುಳಿತರು. 1905ರಲ್ಲಿ ಆಲ್ಜಿಯರ್ಸ್‌ನ ಒಂದು ಬಂಗಲೆಯಲ್ಲಿ ಮುಸುಕು ಹಾಕಿಕೊಂಡು ಬಂದ ಆಕೃತಿಯನ್ನು ನಿಜವೆಂದು ವರದಿ ಮಾಡಿ ನಗೆಪಾಟಲಾದರು. ‘ಎಕ್ಟೋಪ್ಲಾಸಂ’ ಎಂಬ ಪದವನ್ನು ಪ್ರೇತಲೋಕದ ಅರ್ಥದಲ್ಲಿ ಚಲಾವಣೆಗೆ ತಂದವರೂ ಅವರೇ. ಇವು ನಗುವ ವಿಷಯಗಳು. ನಗಲಾಗದ್ದು ಇನ್ನೊಂದಿದೆ. ಮನುಷ್ಯರಲ್ಲಿ ಮೇಲು ಕೀಳು ಜನಾಂಗಗಳಿವೆ, ಅಂಗವಿಕಲ ಶಿಶುಗಳು ಬದುಕುವುದು ಬೇಡ ಎಂಬ ಕ್ರೂರ ವಾದವನ್ನು ಅವರು ಪುಸ್ತಕವಾಗಿ ಬರೆದರು. 1920ರಿಂದ 1926ರವರೆಗೆ ಫ್ರಾನ್ಸಿನ ಸುಜನನ ಸಂಘದ ಅಧ್ಯಕ್ಷರಾಗಿದ್ದರು.

ನಾಯಿಗಳ ವಿಷಯದಲ್ಲಿ ಅವರು ತಮ್ಮ ನಿರೀಕ್ಷೆಗೆ ವಿರುದ್ಧ ಬಂದ ಫಲಿತಾಂಶವನ್ನು ಒಪ್ಪಿ ಮತ್ತೆ ಮತ್ತೆ ಪರೀಕ್ಷಿಸಿದರು. ಪ್ರೇತಗಳ ವಿಷಯದಲ್ಲಿ ನಿರೀಕ್ಷಿಸಿದ್ದನ್ನೇ ಕಂಡರು. ಒಬ್ಬನೇ ಮನುಷ್ಯ, ಒಂದೇ ಕಾಲ. ಅಲರ್ಜಿ ಚಿಕಿತ್ಸೆ ಎಂದು ಮಾರುಕಟ್ಟೆಗೆ ಬರುವುದನ್ನೆಲ್ಲ ನಾವು ನೋಡಬೇಕಾದ್ದೂ ಹೀಗೇ. ಮೇಲೆ ಹೇಳಿದ ಪ್ರತಿ ಪ್ರಯೋಗದಲ್ಲೂ ಚಿಕಿತ್ಸೆ ಸಿಗದ ಇನ್ನೊಂದು ಗುಂಪನ್ನು ಜೊತೆಗಿಟ್ಟು ಹೋಲಿಸಿದ್ದಾರೆ. ನೂರಾರು ಆಹಾರಗಳ ‘ಐಜಿಜಿ’ ರಕ್ತಪರೀಕ್ಷೆ ಮಾಡಿ ಇದು ತಿನ್ನಬೇಡಿ, ಅದು ತಿನ್ನಬೇಡಿ ಎಂದು ಪಟ್ಟಿ ಕೊಡುವ ಪ್ಯಾಕೇಜುಗಳ ಹಿಂದೆ ಅಂಥ ಪುರಾವೆ ಇಲ್ಲ. ಐಜಿಜಿ ಇರುವುದು ಆ ಆಹಾರ ತಿಂದಿದ್ದೀರಿ ಎಂಬುದಕ್ಕೆ ಗುರುತು, ಅಲರ್ಜಿಗಲ್ಲ. ಅಲರ್ಜಿ ತಜ್ಞರ ಸಂಘಗಳು ಅದನ್ನು ಮಾಡಿಸಬೇಡಿ ಎಂದೇ ಹೇಳಿವೆ.

ಸರಿಯಾದ ಐಜಿಇ ಪರೀಕ್ಷೆಯನ್ನೂ ತಪ್ಪಾಗಿ ಓದಬಹುದು. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಶೇ 26ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇತ್ತು. ತಿಂದಾಗ ತೊಂದರೆಯೂ ಆಗುವವರು, ಅಂದರೆ ಬಹುಶಃ ನಿಜವಾದ ಅಲರ್ಜಿ ಇರುವವರು, ಶೇ 1.2 ಮಾತ್ರ. ತಿಂದರೆ ಏನೂ ಆಗದಿದ್ದರೂ ರಿಪೋರ್ಟಿನಲ್ಲಿ ಪಾಸಿಟಿವ್ ಬಂತೆಂದು ಮಗುವಿನ ತಟ್ಟೆಯಿಂದ ಹಾಲು, ಗೋಧಿ, ಬೇಳೆ ಎಲ್ಲವನ್ನೂ ತೆಗೆದುಹಾಕಬೇಡಿ.

25 ನಿಮಿಷ

ನೆಪ್ಚೂನ್ ಬದುಕಿದ್ದದ್ದು ಇಪ್ಪತ್ತೈದು ನಿಮಿಷ. ಅದನ್ನು ಉಳಿಸಬಲ್ಲ ಔಷಧ ಆಗಲೇ ಜಗತ್ತಿನಲ್ಲಿತ್ತು. ರಿಶೆ ಹಡಗಿನಲ್ಲಿದ್ದ ಆ 1901ರಲ್ಲೇ ಅಮೆರಿಕದಲ್ಲಿದ್ದ ಜಪಾನಿ ರಸಾಯನಶಾಸ್ತ್ರಜ್ಞ ಜೋಕಿಚಿ ತಾಕಾಮಿನೆ ಅಡ್ರಿನಲಿನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಸುದ್ದಿ ಪ್ರಕಟಿಸಿದ್ದರು. ಎರಡು ಸಂಗತಿಗಳನ್ನು ಯಾರೂ ಆಗ ಜೋಡಿಸಿರಲಿಲ್ಲ. ಈಗ ಅನಾಫಿಲಾಕ್ಸಿಸ್‌ಗೆ ಮೊದಲ ಔಷಧ ಅದೇ: ತೊಡೆಯ ಹೊರಭಾಗದ ಸ್ನಾಯುವಿಗೆ, ತಡಮಾಡದೆ. ಉಸಿರಾಟದ ತೊಂದರೆ, ಸ್ವರ ಬದಲಾಗುವುದು, ಮೇಲಿಂದ ಮೇಲೆ ವಾಂತಿ, ಮಂಕಾಗುವುದು, ಕುಸಿಯುವುದು ಕಂಡರೆ ಅಲರ್ಜಿಯ ಮಾತ್ರೆ ನುಂಗಿಸಿ ಕಾಯಬೇಡಿ. ಆ ಮಾತ್ರೆ ತುರಿಕೆ ಇಳಿಸಬಹುದು, ಉಸಿರನ್ನು ಉಳಿಸುವುದಿಲ್ಲ. ರೋಗಿಯನ್ನು ಮಲಗಿಸಿ, ಎದ್ದು ನಡೆಸಬೇಡಿ. ಉಸಿರಾಡಲು ಕಷ್ಟವಾದರೆ ಕೂರಿಸಿ. 112ಕ್ಕೆ ಕರೆ ಮಾಡಿ, ಅಡ್ರಿನಲಿನ್ ಸಿಗುವ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

ಪೆನ್ನಿನಂತೆ ಒತ್ತಿ ಚುಚ್ಚಿಕೊಳ್ಳುವ ಅಡ್ರಿನಲಿನ್ ಸಾಧನ ಭಾರತದ ಔಷಧ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೆ ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಸೂಜಿಗೆ ಹೆದರಿ ತಡಮಾಡುವವರಿಗೆ ಅದು ದೊಡ್ಡ ಅನುಕೂಲ. ಇಲ್ಲಿ ಕೆಲವು ಅಲರ್ಜಿ ತಜ್ಞರು ಆಂಪೂಲ್ ಮತ್ತು ಸಿರಿಂಜ್ ಕೊಟ್ಟು, ಮಗುವಿನ ತೂಕಕ್ಕೆ ತಕ್ಕ ಪ್ರಮಾಣ ಬರೆದು, ಮನೆಯವರಿಗೆ ಕೈಯಾರೆ ಕಲಿಸುತ್ತಾರೆ. ನಿಮ್ಮ ಮನೆಯಲ್ಲಿ ಇಂಥ ಅಲರ್ಜಿ ಇದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಮೊದಲು ಕೇಳಬೇಕಾದ್ದು ಇದನ್ನು. ಓಮಲಿಜುಮಾಬ್, ಇಮ್ಯುನೊಥೆರಪಿಗಳ ಮಾತು ಆಮೇಲೆ.

ಶಾರ್ಲ್ ರಿಶೆ 1935ರ ಡಿಸೆಂಬರ್ 4ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು. ವಯಸ್ಸು 85. ನಾಯಿಯ ರಕ್ತದಲ್ಲಿ ತಾವು ದಾಟಿಸಿದ ವಸ್ತು ಏನೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಪೋರ್ತಿಯೆ ಬಹಳ ಕಾಲ ಬದುಕಿದ್ದು 1962ರಲ್ಲಿ ತೀರಿಕೊಂಡರು. ಅದಾಗಿ ನಾಲ್ಕೇ ವರ್ಷಕ್ಕೆ, 1966ರಲ್ಲಿ, ಇಶಿಜಾಕಾ ದಂಪತಿ ಅದನ್ನು ಕಂಡುಹಿಡಿದರು.